ಒಡೆದ ಮುದ್ರೆ

ರಾಜನೊಬ್ಬ ನೆರೆಯ ರಾಜನಿಗೆ ಮಣ್ಣಿನ ಹಲಗೆಯ ಮೇಲೆ ಸ್ನೇಹದ ಮಾತು ಬರೆಸಿದ. ಅದರ ಸುತ್ತ ಮಣ್ಣಿನದೇ ಹೊದಿಕೆ ಮೆತ್ತಿಸಿ, ಮೇಲೂ ಅದೇ ಮಾತು ಬರೆಸಿ ಮುದ್ರೆ ಒತ್ತಿದ. ದಾರಿಯಲ್ಲಿ ದ್ರೋಹಿಯೊಬ್ಬ ಹೊದಿಕೆಯನ್ನು ನೆನೆಸಿ, "ಸ್ನೇಹ" ಅಳಿಸಿ "ಯುದ್ಧ" ಎಂದು ಗೀಚಿದ.

ನೆರೆಯ ರಾಜ ಹೊದಿಕೆಯನ್ನಷ್ಟೇ ಓದಿ ಕೆಂಡವಾದ. "ಹೊಡೆಯಿರಿ ರಣಭೇರಿ!"

"ಅಕ್ಕಾ, ಬೇಗ ಒಡೆದುಹೋಗು! ನಿಜವಾದ ಮಾತು ನನ್ನ ಮೇಲಿದೆ!" ಒಳಗಿನ ಹಲಗೆ ಕಿರುಚಿತು.

"ಅಯ್ಯೋ, ನನ್ನ ಮೇಲೆ ರಾಜಮುದ್ರೆಯಿದೆ ಕಣೇ!" ಎಂದಿತು ಹೊದಿಕೆ.

"ಆ ಮುದ್ರೆಯೇ ಈಗ ಸುಳ್ಳನ್ನು ಕಾಯುತ್ತಿದೆಯಲ್ಲೇ!"

ಹೊದಿಕೆ ಬೇಕೆಂದೇ, ಅದನ್ನು ಹಿಡಿದು ನಿಂತಿದ್ದ ಮಂತ್ರಿಯ ಕೈಯಿಂದ ಜಾರಿತು. ಫಟ್!

ಹೊರಬಿದ್ದ ಹಲಗೆಯನ್ನು ಓದಿದ ರಾಜ ಓಡಿಹೋಗಿ ತಾನೇ ಭೇರಿ ನಿಲ್ಲಿಸಿದ.

ಕಸದ ಮೊರದೊಳಗಿಂದ ಮುದ್ರೆಯ ಚೂರೊಂದು ಕೂಗುತ್ತಲೇ ಇತ್ತು: "ನಿನ್ನನ್ನು ಓದಿದರಾ, ತಂಗಿ? ಓದಿದರಾ?"