ಹೂಸೇಬಿನ ಮರ ಸವರಿದ ಮುದ್ದ

ಹೂಂಗುಡ್ತೀರಾ? ಹೂಂಗುಟ್ಟಿದ್ರೆ ಹೇಳ್ತೀನಿ, ಇಲ್ದಿದ್ರೆ ಮುದ್ದನ ಕತೆ ಮುಂದಕ್ಕೆ ಹೋಗೋದಿಲ್ಲ.

ಬೆಟ್ಟದ ಮೇಲೊಂದು ಕೋಟೆ. ಕೋಟೆಗೆ ಬೈರನಾಯ್ಕ ಅಂತ ಪಾಳೇಗಾರ. ಅವನ ತೋಟದ ಮೂಲೇಲಿ ಒಂದು ಗುಡಿಸಲು. ಗುಡಿಸಲಲ್ಲಿ ಚೆನ್ನಾಜಮ್ಮ, ಅವಳ ಮಗ ಮುದ್ದ. ಮುದ್ದನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ರೋಗ. "ಹಾಲು ನೋಡ್ಕೊಳೋ" ಅಂದ್ರೆ ನೋಡ್ತಾ ಕೂರೋನು. ಹಾಲು ಉಕ್ಕಿದ್ರೂ ನೋಡೋನು, ಒಲೆ ಆರಿದ್ರೂ ನೋಡೋನು.

ಆ ತೋಟದಲ್ಲಿ ಒಂದು ಹೂಸೇಬಿನ ಮರ. ಹಣ್ಣು ಗೋಲಿಯಷ್ಟು, ಬಾಯಿಗಿಟ್ರೆ ಬರೀ ಹುಳಿ. ಆದ್ರೆ ಹೂ ಬಿಡ್ತೋ, ಮರವೇ ಕಾಣ್ತಿರಲಿಲ್ಲ! ನಾಯ್ಕನ ತಾಯಿ ತೌರಿಂದ ತಂದು ನೆಟ್ಟ ಮರ ಅದು. ತಾಯಿ ತೀರಿಹೋದ ಮೇಲೆ ನಾಯ್ಕ ಆ ಹೂವಿನಡಿ ಕೂತು ಅಳೋನು. ಬೇರೆಲ್ಲೂ ಅಳೋನಲ್ಲ. ಹೋದ ವರ್ಷ ಮರ ಒತ್ತೊತ್ತಾಗಿ ಬೆಳೆದು ಒಂದು ಹೂವೂ ಬಿಡಲಿಲ್ಲ. ಬೇಡದ ಕೊಂಬೆ ಕಡಿದು ಮರ ಸವರೋ ಕೈಗುಣ ಇದ್ದದ್ದು ಚೆನ್ನಾಜಮ್ಮನಿಗೆ. ಅವಳೋ, ಬಾವಿಕಟ್ಟೇಲಿ ಜಾರಿ ಬಲಗೈ ಮುರ್ಕೊಂಡು ಕೂತಿದ್ಲು.

ನಾಯ್ಕ ಗುಡಿಸಲ ಬಾಗಿಲಿಗೇ ಬಂದ. "ಚೆನ್ನಾಜಿ, ಮೊಗ್ಗು ಮೂಡೋದ್ರೊಳಗೆ ಮರ ಸವರಿರಬೇಕು. ಮರಕ್ಕೇನಾದ್ರೂ ಆಯ್ತೋ, ತಾಯಿ ಮಗ ಇಬ್ಬರನ್ನೂ ಬೆಟ್ಟದಿಂದ ಇಳಿಸ್ತೀನಿ!"

ಚೆನ್ನಾಜಮ್ಮ ಏನು ಮಾಡ್ತಾಳೆ? ಮಗನ ಕೈಗೆ ಮಚ್ಚು ಕೊಟ್ಲು. "ಮುದ್ದಾ, ಹೋಗಿ ಮರ ಸವರಿ ಬಾರಪ್ಪ. ಮೆತ್ತಗೆ ಸವರು."

ಮುದ್ದ ಹೋದ. ಮಚ್ಚು ಕೆಳಗಿಟ್ಟ. ಅಂಗೈಯಿಂದ ಮರ ಸವರಿದ. ಕರುವಿನ ಬೆನ್ನು ಸವರೋ ಹಾಗೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸವರಿದ. ಹೊತ್ತು ಮುಳುಗೋವರೆಗೂ ಸವರಿದ.

"ಅಯ್ಯೋ ನನ್ನ ಹಣೆಬರಹವೇ! ಕೈಲಿ ಸವರೋದಲ್ವೋ, ಮಚ್ಚಲ್ಲಿ! ಮರದ ಮೇಲೆ ಒಣಗಿದ್ದೆಲ್ಲ ಕತ್ತರಿಸು. ಹಸೀದು ಮುಟ್ಟಬೇಡ!"

"ಆಗ್ಲಿ ಕಣವ್ವ! ಮುಂಚೇನೇ ಹೇಳೋದಲ್ವಾ?"

ಮಾರನೇ ದಿನ ಹೋದ. ಮರದ ಮೇಲೆ ನಾಯ್ಕನ ಹೆಂಡ್ತಿ ದೊರೆಸಾನಿಯ ರೇಷ್ಮೆ ಸೀರೆ ಒಗೆದು ಹರವಿದ್ರು. ಮುದ್ದ ಮುಟ್ಟಿ ನೋಡಿದ. ಹಸಿ! ಕೈ ಹಿಂದಕ್ಕೆ ತಗೊಂಡ. ನೆರಳಲ್ಲಿ ಕೂತ. ಮತ್ತೆ ಮುಟ್ಟಿದ. ಸೆರಗು ಒಣಗಿತ್ತು, ಸೆರಗು ಕತ್ತರಿಸಿದ. ಒಡಲು ಒಣಗ್ತು, ಒಡಲು ಕತ್ತರಿಸಿದ. ಅಂಚು ಒಣಗೋಕೆ ತಡ ಆಯ್ತು. ಊದಿ ಊದಿ ಒಣಗಿಸಿ ಕತ್ತರಿಸಿದ.

ದೊರೆಸಾನಿ ಎದೆ ಎದೆ ಬಡ್ಕೊಂಡ್ಲು. ನಾಯ್ಕ ಹಲ್ಲು ಕಡಿದ. ಚೆನ್ನಾಜಮ್ಮ ಮುರಿದ ಕೈ ಎದೆಗೊತ್ತಿಕೊಂಡು ನಾಯ್ಕನ ಕಾಲಿಗೆ ಬಿದ್ಲು. "ಇನ್ನೊಂದು ಸಲ ನೋಡಿ ಬುದ್ಧೀ!"

ಮನೆಗೆ ಬಂದು ಮಗನ ಕಿವಿ ಹಿಂಡಿದ್ಲು. "ಬಟ್ಟೆ ಅಲ್ವೋ ಮಂಕೇ! ಒಂದಕ್ಕೊಂದು ಒತ್ಕೊಂಡು ಉಜ್ಜಾಡ್ತಿರ್ತಾವಲ್ಲ, ಅಂಥ ಎರಡರಲ್ಲಿ ಒಂದನ್ನ ತೆಗೆದುಹಾಕು. ಇಲ್ದಿದ್ರೆ ಎರಡೂ ಕೆಡ್ತಾವೆ!"

"ಆಗ್ಲಿ ಕಣವ್ವ! ಮುಂಚೇನೇ ಹೇಳೋದಲ್ವಾ?"

ಮಾರನೇ ದಿನ ಮರದಡಿ ನಾಯ್ಕನ ಮಗಳು, ಹೊಸ ಅಳಿಯ ಕೂತಿದ್ರು. ಭುಜಕ್ಕೆ ಭುಜ ಒತ್ತಿತ್ತು. ಮುದ್ದ ಅವಳನ್ನ ನೋಡಿದ, ಇವನನ್ನ ನೋಡಿದ. ಅಳಿಯನನ್ನ ಹೆಗಲ ಮೇಲೆ ಎತ್ತಿ ಹಾಕ್ಕೊಂಡ. "ಬಿಡೋ! ಬಿಡೋ!" ಅಂತ ಅವನು ಒದೀತಾ ಇದ್ರೂ ಬಿಡದೆ ಕೋಟೆ ಬಾಗಿಲಾಚೆ ಇಳಿಸಿ, ಅಗುಳಿ ಹಾಕಿ ಬಂದ.

"ಎರಡೂ ಕೆಡಬಾರದು ನೋಡಿ!" ಅಂದ, ಓಡಿಬಂದ ನಾಯ್ಕನಿಗೆ.

ನಾಯ್ಕ ಕತ್ತಿ ಹಿರಿದೇಬಿಟ್ಟ. ಮಗಳು ಅಡ್ಡ ಬಂದು, "ಬೇಡಪ್ಪ, ಪಾಪ, ಪೆದ್ದ" ಅಂತ ಕೈ ಹಿಡಿದ್ಲು. ಅದಕ್ಕೇ ಮುದ್ದನ ತಲೆ ಉಳೀತು.

ಅವತ್ತು ಚೆನ್ನಾಜಮ್ಮ ಒಲೆ ಹಚ್ಚಲಿಲ್ಲ. "ಅಳಿಯ ಏನು ಕೊಂಬೇನೋ? ನಾನು ಹೇಳಿದ್ದು ಕೊಂಬೆ ಕಣೋ, ಕೊಂಬೆ! ಇನ್ನೊಂದು ಕೇಳು. ಬೋಳಾದ ಜಾಗ ಹಾಗೇ ಬಿಟ್ರೆ ಹುಳ ಬೀಳುತ್ತೆ. ಕಂಡ ತಕ್ಷಣ ಸಗಣಿ ಮೆತ್ತಬೇಕು!"

"ಆಗ್ಲಿ ಕಣವ್ವ! ಮುಂಚೇನೇ ಹೇಳೋದಲ್ವಾ?"

ಮಾರನೇ ದಿನ ನಾಯ್ಕನ ತಾಯಿಯ ತಿಥಿ. ನಾಯ್ಕ ಅದೇ ಮರದಡಿ ಕೂತು ಆಗತಾನೆ ತಲೆ ಬೋಳಿಸಿಕೊಂಡಿದ್ದ. ಕಣ್ಣು ಮುಚ್ಚಿ ತಾಯೀನ ನೆನೀತಿದ್ದ. ಮುದ್ದ ನೋಡಿದ. ಅಬ್ಬಾ! ಎಷ್ಟು ದೊಡ್ಡ ಬೋಳು! ಕೊಟ್ಟಿಗೆಗೆ ಓಡಿದ, ಎರಡು ಕೈ ತುಂಬ ಸಗಣಿ ತಂದ, ಪಚಕ್ ಅಂತ ಮೆತ್ತಿದ. ಒಂದು ಸಂದೂ ಬಿಡದೆ ಮೆತ್ತಿದ.

ನಾಯ್ಕ ಕಣ್ಣು ಬಿಟ್ಟ. ಕೂಗಲಿಲ್ಲ, ಕತ್ತೀನೂ ಹಿರೀಲಿಲ್ಲ. ಅದನ್ನ ಕಂಡೇ ಆಳುಗಳು ನಡುಗಿಹೋದ್ರು.

"ಅವನ ತಾಯೀನ ಕರೀರಿ" ಅಂದ, ಮೆಲ್ಲಗೆ.

ಚೆನ್ನಾಜಮ್ಮ ಬಂದು ನಿಂತ್ಲು. ನಾಯ್ಕ ಅಂದ: "ನನ್ನವ್ವನ ದಿನ ಇವತ್ತು, ಅದಕ್ಕೇ ಕಡೀಲಿಲ್ಲ. ನೀನು ಕೆಳಗೆ ನಿಂತು ಹೇಳು, ಅವನು ಮೇಲೆ ಹತ್ತಿ ಕಡೀಲಿ. ಒಂದು ಕೊಂಬೆ ತಪ್ಪಿದ್ರೂ, ಹೊತ್ತು ಮುಳುಗೋ ಮುಂಚೆ ಬೆಟ್ಟ ಇಳೀರಿ."

ಮುದ್ದ ಮರ ಹತ್ತಿದ. ಚೆನ್ನಾಜಮ್ಮ ಬುಡದಲ್ಲಿ ನಿಂತ್ಲು. ಒಂದೊಂದು ಮಾತನ್ನೂ ತೂಗಿ ತೂಗಿ ಆಡಿದ್ಲು.

"ನಿನ್ನ ಎಡಗೈ ಹತ್ರ ಇರೋ ಒಣ ಕೊಂಬೆ ಕಡಿ."

ಕಡಿದ. ಅಷ್ಟೇ ಕಡಿದ.

"ಅದರ ಮೇಲಿಂದು ಬಿಡು. ಅದರಾಚೆ ಅಡ್ಡ ಬೆಳೆದದ್ದು ಕಡಿ. ಬುಡಕ್ಕೆ ಹತ್ತಿರ. ಇನ್ನೂ ಹತ್ತಿರ. ಹಾಂ!"

ಕಡಿದ. ಕೂದಲೆಳೆ ಆಚೆ ಈಚೆ ಆಗಲಿಲ್ಲ. ಊರಿನ ಜನ ಸುತ್ತ ಸೇರಿ ನೋಡಿದ್ರು. ಹೇಳಿದ್ದು ಹೇಳಿದ ಹಾಗೇ ಮಾಡೋ ಮಗ, ಹೇಳೋಕೆ ಬರೋ ತಾಯಿ! ಕೊಂಬೆ ಬೀಳ್ತಾ ಬೀಳ್ತಾ ಮರದೊಳಗೆ ಬಿಸಿಲು ಇಳೀತು, ಗಾಳಿ ಆಡ್ತು. ಉಳಿದ ಕಡ್ಡಿಗಳ ಮೇಲೆ ಸಾಸಿವೆಯಷ್ಟು ಮೊಗ್ಗು ಕಂಡ್ವು. ನಾಯ್ಕ ಮೇಲೆ ನೋಡಿದ, ನೋಡ್ತಾನೇ ಇದ್ದ. ಅವನ ಕಣ್ಣು ಒದ್ದೆ ಆಯ್ತು.

"ಸಾಕು ಚೆನ್ನಾಜಿ" ಅಂದ. "ನಮ್ಮವ್ವನ ಮರ ಉಳೀತು. ಗುಡಿಸಲು ನಿಮ್ಮದೇ, ನೀವೆಲ್ಲೂ ಹೋಗಬೇಡಿ."

ಚೆನ್ನಾಜಮ್ಮನಿಗೆ ಹೋದ ಜೀವ ಬಂತು. ಮಗ ಇನ್ನೊಂದು ಏಟು ಹಾಕಿಬಿಟ್ಟಾನು ಅಂತ ಗಾಬರಿಯಾಗಿ ಕೂಗಿದ್ಲು: "ಸಾಕು ಮಗನೇ, ಮಚ್ಚು ಕೆಳಗೆ ಹಾಕು! ಇನ್ನು ಒಂದೇ ಒಂದು ಕೊಂಬೆ ಮುಟ್ಟಬೇಡ! ಇಳಿದು ಬಾ!"

"ಆಗ್ಲಿ ಕಣವ್ವ!" ಅಂದ ಮುದ್ದ. ಮಚ್ಚು ಕೆಳಗೆ ಹಾಕಿದ. ಹಿಡಿದಿದ್ದ ಕೊಂಬೆಯಿಂದ ಕೈ ತೆಗೆದ. ನಿಂತಿದ್ದ ಕೊಂಬೆಯಿಂದ ಕಾಲೂ ತೆಗೆದ.

"ಅಯ್ಯೋ!" ಅಂತ ಊರೇ ಕೂಗ್ತು. ಚೆನ್ನಾಜಮ್ಮ ಕಣ್ಣು ಮುಚ್ಚಿದ್ಲು. ದಬಕ್! ಕಡಿದುಹಾಕಿದ್ದ ಕೊಂಬೆಗಳ ರಾಶಿ ಮೇಲೆ ಬಿದ್ದ ಮುದ್ದ. ಎಲ್ಲರೂ ಓಡಿಬಂದ್ರು. ಮುಖವೆಲ್ಲ ತರಚಿತ್ತು, ಮೂಳೆ ಮಾತ್ರ ಒಂದೂ ಮುರಿದಿರಲಿಲ್ಲ. ಆದ್ರೂ ಬಿಕ್ಕಿ ಬಿಕ್ಕಿ ಅಳ್ತಿದ್ದ.

"ಎಲ್ಲಿ ನೋವಾಯ್ತೋ ನನ್ನಪ್ಪ?" ಅಂತ ತಾಯಿ ಒಂದು ಕೈಲೇ ತಬ್ಬಿಕೊಂಡ್ಲು.

"ನೋವಲ್ಲ ಕಣವ್ವ! ನೀನು ಮುಟ್ಟಬೇಡ ಅಂದಿದ್ದೆ, ಈ ರಾಶಿ ಮೇಲೆ ಬಿದ್ದು ಎಷ್ಟೊಂದು ಕೊಂಬೆ ಮುಟ್ಟಿಬಿಟ್ಟೆ! ತಡಿ, ಕೆಳಗೆ ಕೊಂಬೆ ಇಲ್ಲದ ಆ ಕಡೆಯಿಂದ ಸರಿಯಾಗಿ ಇಳಿದು ಬರ್ತೀನಿ!" ಅಂದವನೇ ಎದ್ದು, ಮತ್ತೆ ಮರ ಹತ್ತೋಕೆ ಶುರುಮಾಡಿದ.

ಅವನ ಒಂದು ಕಾಲು ತಾಯಿ ಹಿಡಿದ್ಲು. ಇನ್ನೊಂದು ಕಾಲು, ತಲೆ ಮೇಲಿನ ಸಗಣಿ ಸಮೇತ, ಪಾಳೇಗಾರನೇ ಹಿಡಿದು ಜೋತುಬಿದ್ದ.