ಕೋಳಿ ಕೂಗಿದ ಪೊದೆ

“ಗುರುಗಳೇ, ಒಳಗೆ ಕೇಡಿಟ್ಟುಕೊಂಡು ಹೊರಗೆ ನಗುವವನನ್ನು ಗುರುತಿಸುವುದು ಹೇಗೆ?” ಎಂದು ಮುರಿಗೆಯ್ಯ ಕೇಳಿದ.

ಮಠಕ್ಕೆ ಹೊಸದಾಗಿ ಬಂದ ಶಿಷ್ಯನೊಬ್ಬನ ಮೇಲೆ ಅವನಿಗೆ ಅನುಮಾನವಿತ್ತು. ಆ ಹೊಸಬ ಎಲ್ಲರಿಗಿಂತ ಮೊದಲು ಎದ್ದು ಅಂಗಳ ಗುಡಿಸುತ್ತಿದ್ದ. ಯಾರು ಗದರಿದರೂ ನಗುತ್ತಿದ್ದ. ಇಷ್ಟು ಒಳ್ಳೆಯವನಾಗಿರಲು ಏನೋ ಕಾರಣವಿರಲೇಬೇಕು ಎಂದು ಮುರಿಗೆಯ್ಯ ಅವನನ್ನು ಕಾದು ನೋಡುತ್ತಿದ್ದ. ಗುರುಗಳು ಯಾರ ವಿಷಯವೆಂದು ಕೇಳಲಿಲ್ಲ. ಕತೆ ಹೇಳಿದರು.

ಕಾಡಂಚಿನ ಊರೊಂದರಲ್ಲಿ ಒಬ್ಬ ಬೇಟೆಗಾರನಿದ್ದ. ಕಾಡುಕೋಳಿ ಹೊಡೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಕಾಡುಕೋಳಿ ಬಲು ಅನುಮಾನದ ಹಕ್ಕಿ. ಮನುಷ್ಯನ ರೆಪ್ಪೆ ಅಲುಗಿದರೂ ಅದು ಮಾಯ. ಆದ್ದರಿಂದ ಬೇಟೆಗಾರ ಮೊದಲು ಮನುಷ್ಯನ ಆಕಾರವನ್ನೇ ಅಳಿಸಿಕೊಳ್ಳುತ್ತಿದ್ದ. ಮುಖಕ್ಕೂ ಕೈಗೂ ಕೆಸರು ಬಳಿದುಕೊಂಡು, ಮೈಗೆಲ್ಲ ಸೊಪ್ಪು ಕಟ್ಟಿಕೊಂಡು, ದಪ್ಪ ಮರಕ್ಕೆ ಬೆನ್ನು ಕೊಟ್ಟು ಪೊದೆಯೊಳಗೆ ಕೂರುತ್ತಿದ್ದ. ಸೊಪ್ಪು ಆ ಜಾಗದ್ದೇ ಆಗಿರಬೇಕು, ಬೇರೆ ಕಡೆಯದನ್ನು ಕೋಳಿ ಕಂಡುಹಿಡಿಯುತ್ತದೆ ಎನ್ನುತ್ತಿದ್ದ. ಆಮೇಲೆ ತುಟಿಗಳ ನಡುವೆ ಎಲೆಯಿಟ್ಟು ಹೇಂಟೆಯ ಕೂಗು ಹಾಕುತ್ತಿದ್ದ. ಹುಂಜ ಹುಡುಕಿಕೊಂಡು ಬರುತ್ತಿತ್ತು. ಬಂದದ್ದು ಹಿಂದಿರುಗುತ್ತಿರಲಿಲ್ಲ.

ಹೀಗೆ ವರ್ಷಗಳು ಕಳೆದವು. ಪೊದೆಯಾಗಿ ಕೂತು ಕೂತು ಅವನಿಗೊಂದು ಅಭ್ಯಾಸ ಹತ್ತಿತು. ದಾರಿಯಲ್ಲಿ ಪೊದೆ ಕಂಡರೆ ಒಳಗೆ ಯಾರಿದ್ದಾರೆ ಎಂದು ಇಣುಕಿಯೇ ಮುಂದೆ ಹೋಗುತ್ತಿದ್ದ. ಯಾರಾದರೂ ಅಕ್ಕರೆಯಿಂದ ಕರೆದರೆ ಒಮ್ಮೆಲೇ ಓಗೊಡುತ್ತಿರಲಿಲ್ಲ.

ಅವನಿಗೊಬ್ಬ ಭಾವಮೈದುನನಿದ್ದ, ಹೆಂಡತಿಯ ತಮ್ಮ. ಅವನೂ ಬೇಟೆಯವನೇ, ಈ ವಿದ್ಯೆಯನ್ನು ಇವನಿಂದಲೇ ಕಲಿತವನು. ಹಿಂದಿನ ಬೇಸಿಗೆಯಲ್ಲಿ ಒಂದು ಜೇನುಮರ ಯಾರದು ಎಂದು ಇಬ್ಬರಿಗೂ ಜಗಳವಾಗಿ, ಹಿರಿಯರು ಕೂಡಿ ರಾಜಿ ಮಾಡಿಸಿದ್ದರು. ಅಂದಿನಿಂದ ಭಾವಮೈದುನ ಏನೂ ಆಗಿಲ್ಲವೆಂಬಂತೆ ಮಾತಾಡಿಸುತ್ತಿದ್ದ. ಅದೇ ಬೇಟೆಗಾರನಿಗೆ ಸರಿಕಾಣಲಿಲ್ಲ. ನಾನಾಗಿದ್ದರೆ ಮರೆಯುತ್ತಿರಲಿಲ್ಲ ಎಂದುಕೊಳ್ಳುತ್ತಿದ್ದ.

ಒಂದು ಮುಂಜಾನೆ ಅವನು ಪೊದೆಯಲ್ಲಿ ಕೂತು ಕೂಗು ಹಾಕಿದ. ಬಯಲಿನಾಚೆಯ ಪೊದೆಯಿಂದ ಉತ್ತರ ಬಂತು. ಹೇಂಟೆಯ ದನಿ. ಮತ್ತೆ ಕೂಗಿದ, ಮತ್ತೆ ಉತ್ತರ. ಆದರೆ ಕೋಳಿ ಹೊರಗೆ ಬರಲಿಲ್ಲ. ನಿಜವಾದ ಕೋಳಿಯಾಗಿದ್ದರೆ ಇಷ್ಟು ಹೊತ್ತಿಗೆ ಬರಬೇಕಿತ್ತು, ಇಲ್ಲವೇ ಹಾರಿಹೋಗಬೇಕಿತ್ತು. ಅವನು ಕೂಗು ನಿಲ್ಲಿಸಿದ. ಆಚೆಯ ದನಿಯೂ ನಿಂತಿತು. ಗಾಳಿಯಿರಲಿಲ್ಲ; ಆದರೂ ಅಲ್ಲಿ ಸೊಪ್ಪು ಒಮ್ಮೆ ಅಲುಗಿತು.

ಇದು ಅವನೇ, ಎಂದುಕೊಂಡ ಬೇಟೆಗಾರ. ನಾನು ಕಲಿಸಿದ ಕೂಗು. ಸೊಪ್ಪು ಕಟ್ಟಿಕೊಂಡು ಕೂತಿದ್ದಾನೆ. ನಾನು ಏಳಲಿ ಎಂದು ಕಾಯುತ್ತಿದ್ದಾನೆ. ನಾಳೆ ‘ಕೋಳಿಯೆಂದುಕೊಂಡು ಹೊಡೆದೆ’ ಎಂದು ಅತ್ತರೆ ಊರೆಲ್ಲ ನಂಬುತ್ತದೆ.

ಒಂದು ಸಲ ಹೆಸರು ಹಿಡಿದು ಕರೆದಿದ್ದರೆ ಸಾಕಿತ್ತು. ಹೆಸರು ನಾಲಗೆಯವರೆಗೂ ಬಂತು. ಕರೆದರೆ ನಾನು ಎಚ್ಚೆತ್ತದ್ದು ತಿಳಿದುಬಿಡುತ್ತದೆ ಎಂದು ನುಂಗಿಕೊಂಡ. ಬಿಸಿಲೇರಿತು. ಇರುವೆಗಳು ಕಾಲು ಕಚ್ಚಿದವು, ಅವನು ಅಲುಗಲಿಲ್ಲ. ಹುಂಜವೊಂದು ಬಯಲಿಗೆ ಬಂದು, ನೆಲ ಕೆದಕಿ, ತನ್ನ ಪಾಡಿಗೆ ಹೊರಟುಹೋಯಿತು. ಅದನ್ನು ನೋಡಿಯೂ ಅವನು ಬಿಲ್ಲೆತ್ತಲಿಲ್ಲ. ಆಗ ಎದುರಿನ ಸೊಪ್ಪು ಮತ್ತೆ ಅಲುಗಿತು. ಕೂತ ಮನುಷ್ಯನ ಎದೆ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂದು ಅಂದಾಜು ಮಾಡಿ ಬಾಣ ಬಿಟ್ಟ.

ಪೊದೆಯಿಂದ ಒಂದು ಹೇಂಟೆ ಕಿರುಚಿಕೊಂಡು ಹಾರಿತು. ಅದರ ಹಿಂದೆ ಪುಟ್ಟ ಮರಿಗಳು ದಿಕ್ಕುಗೆಟ್ಟು ಓಡಿದವು. ಗುರುತಿಲ್ಲದ ಕೂಗು ಕೇಳಿದಾಗಲೆಲ್ಲ ತಾಯಿ ಹೆದರಿ ಮರಿಗಳನ್ನು ರೆಕ್ಕೆಯಡಿಗೆ ಕರೆದಿತ್ತು, ಅಷ್ಟೇ.

ಬೇಟೆಗಾರ ಹೋಗಿ ನೋಡಿದ. ಬಾಣ ಒಳಗಿನ ಮರದ ಬೊಡ್ಡೆಗೆ ನೆಟ್ಟಿತ್ತು. ಕೋಳಿ ಕೂತದ್ದು ನೆಲದ ಮೇಲೆ. ಅವನು ಕೋಳಿಗೆ ಗುರಿಯಿಟ್ಟಿರಲಿಲ್ಲವಾದ್ದರಿಂದ ಅದು ಉಳಿದಿತ್ತು. ಬಾಣ ಕೀಳಲು ಕೈ ಚಾಚಿದವನು ಅದನ್ನು ಅಲ್ಲೇ ಬಿಟ್ಟ.

ಮೈಮೇಲಿನ ಸೊಪ್ಪನ್ನೂ ಬಿಚ್ಚದೆ ನೇರವಾಗಿ ಭಾವಮೈದುನನ ಮನೆಗೆ ನಡೆದ. ಅವನು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಪಾದಕ್ಕೆ ಮುಳ್ಳು ಹೊಕ್ಕು ಬಾತುಹೋಗಿತ್ತು, ಅರಿಶಿನ ಮೆತ್ತಿದ್ದರು. ಹೊಸಲು ದಾಟುವುದೇ ಅವನಿಗೆ ಕಷ್ಟವಾಗಿತ್ತು.

“ಇದೇನು ಭಾವ, ಮರವೇ ನಡೆದು ಬಂದ ಹಾಗಿದೆಯಲ್ಲ!” ಎಂದು ನಕ್ಕ. “ಬನ್ನಿ, ಕೂತುಕೊಳ್ಳಿ. ಕೋಳಿ ಸಿಕ್ಕಿತೇ?”

“ತಪ್ಪಿಸಿಕೊಂಡಿತು” ಎಂದ ಬೇಟೆಗಾರ. ಆ ಜಗಲಿಯ ಮೇಲೆ ಕೂರಲು ಅವನಿಂದಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯ ಹಗುರಾಗಿ ಉಸಿರು ಬಿಟ್ಟ.

“ಸದ್ಯ, ಗುರುಗಳೇ! ಕೊಲ್ಲುವವನು ಆಚೆಯ ಪೊದೆಯಲ್ಲಿ ಇರಲಿಲ್ಲವಲ್ಲ” ಎಂದ.

“ಈಚೆಯದರಲ್ಲಿದ್ದ” ಎಂದರು ಗುರುಗಳು.