ಬೋರ್ಡು ನೋಡಿ ಕಾದ ಇನ್‌ಸ್ಟಾಲರ್

ಒಂದು ಕಂಪ್ಯೂಟರಿನಲ್ಲಿ, ಬರೆಯುವ ಎಡಿಟರ್ ತಂತ್ರಾಂಶಕ್ಕೆ ಹೊಸ ಪ್ಲಗಿನ್‌ಗಳನ್ನು, ಅಂದರೆ ಪುಟ್ಟ ಸಹಾಯಕ ತಂತ್ರಾಂಶಗಳನ್ನು, ಸೇರಿಸುವ ಇನ್‌ಸ್ಟಾಲರ್ ಇದ್ದ. ಬಲು ಶಿಸ್ತಿನವನು. ಎಡಿಟರ್‌ನ ಒಳಗೆ ಹೋಗುವ ಮುಂಚೆ ಅದರ ಬಾಗಿಲಿಗೆ 'ಕೆಲಸ ನಡೆಯುತ್ತಿದೆ, ಕಾಯಿರಿ' ಎಂಬ ಬೋರ್ಡು ನೇತುಹಾಕುವನು, ಮುಗಿದ ಮೇಲೆ ತೆಗೆಯುವನು. ಒಮ್ಮೆ ಕಾಗುಣಿತ ತಿದ್ದುವ ಪ್ಲಗಿನ್ ಸೇರಿಸುತ್ತಿದ್ದಾಗ ಕರೆಂಟು ಹೋಯಿತು.

ಕರೆಂಟು ಬಂದಾಗ ಅವನಿಗೆ ಹಿಂದಿನದೇನೂ ನೆನಪಿರಲಿಲ್ಲ. ಬೋರ್ಡು ಕಂಡವನೇ, "ಒಳಗೆ ಯಾರೋ ಇದ್ದಾರೆ, ಮುಗಿಸಿ ಬರಲಿ" ಎಂದು ಕೈಕಟ್ಟಿ ನಿಂತ.

"ಸ್ವಾಮಿ, ಒಳಗೆ ಬಿಡಿ," ಎಂದು ಪ್ಲಗಿನ್ ಗೋಗರೆಯಿತು. "ತಡವಾದರೆ ಈ ಕಂಪ್ಯೂಟರಿನ ಒಡತಿ ಬೇಸತ್ತು ನನ್ನನ್ನು ಅಳಿಸಿಯೇ ಬಿಡುತ್ತಾರೆ!"

"ಇನ್ನೊಬ್ಬರ ಕೆಲಸಕ್ಕೆ ನಾನು ಅಡ್ಡ ಬರುವವನಲ್ಲ."

ಪಕ್ಕದಲ್ಲಿ ಮಿನುಗುತ್ತಿದ್ದ ಕರ್ಸರ್ ಕೇಳಿತು, "ಇಲ್ಲಿ ಬೋರ್ಡು ಹಾಕುವವರು ಎಷ್ಟು ಮಂದಿ?"

"ನಾನೊಬ್ಬನೇ."

"ಮತ್ತೆ ತಾವು ಕಾಯುತ್ತಿರುವುದು ಯಾರಿಗೆ?"

ಇನ್‌ಸ್ಟಾಲರ್ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಬೋರ್ಡು ಕಿತ್ತು, ಅರ್ಧಕ್ಕೆ ನಿಂತಿದ್ದ ಸಾಮಾನೆಲ್ಲ ಗುಡಿಸಿ, ಕೆಲಸವನ್ನು ಮೊದಲಿಂದ ಶುರುಮಾಡಿದ. ಸ್ವಲ್ಪ ಹೊತ್ತಿನಲ್ಲೇ ಪ್ಲಗಿನ್ ಪುಟದ ತಪ್ಪುಗಳನ್ನು ಖುಷಿಯಿಂದ ಹೆಕ್ಕತೊಡಗಿತು.

ಅಂದಿನಿಂದ ಬೋರ್ಡು ಕಂಡರೆ ಇನ್‌ಸ್ಟಾಲರ್ ಮೊದಲು ಬಾಗಿಲು ತಟ್ಟುತ್ತಾನೆ. ಒಳಗಿನಿಂದ ಯಾರೂ ಓಗೊಡದಿದ್ದರೆ, ಬಾಗಿಲು ತೆರೆದು ಕೆಲಸಕ್ಕೆ ಇಳಿಯುತ್ತಾನೆ.